ಫುಲರಾಣಿ ಪುಣೆಗೆ ಬಂದದ್ದು

'ಮೊದಲ ಸಲ' ಎಂಬ ವಿಷಯ ಕೊಟ್ಟಾಗ ನಾನು ಮೊದಲ ಸಂಬಳದ ಬಗ್ಗೆಯೋ ಬಾಣಂತನದ ಬಗ್ಗೆಯೋ ಮಾತಾಡುತ್ತೇನೆ ಎಂದು ವೇದಿಕೆಯವರು ಅಂದುಕೊಂಡಿರಬೇಕು. ನಾನು ಹೇಳುವುದು ಒಂದು ಸೆಕೆಂಡ್ ಹ್ಯಾಂಡ್ ಕಾರಿನ ಕಥೆ. ಅದೂ ಜಪಾನಿನಿಂದ ಬಂದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಕೆಳಗೆ ಪಾರ್ಕಿಂಗಿನಲ್ಲಿ ನಿಮ್ಮ ಮಕ್ಕಳು ಸುತ್ತುವರಿದು ನಿಂತಿದ್ದಾರಲ್ಲ, ಅದೇ.

ಎಂ.ಟೆಕ್ ಮಾಡುವಾಗ ಹಾಸ್ಟೆಲಿನಲ್ಲಿ 'ಫಾಸ್ಟ್ ಅಂಡ್ ಫ್ಯೂರಿಯಸ್' ಸಿನಿಮಾಗಳನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಗೆಳತಿಯರು ನಾಯಕನನ್ನು ನೋಡುತ್ತಿದ್ದರು, ನಾನು ಕಾರು ನೋಡುತ್ತಿದ್ದೆ. ಕೆಲಸ ಸಿಕ್ಕ ಮೇಲೆ ವಿಚಾರಿಸಿದಾಗ ತಿಳಿಯಿತು, ಜಪಾನಿನ ಹಳೆಯ ಕಾರನ್ನು ನಮ್ಮ ದೇಶಕ್ಕೆ ಸುಮ್ಮನೆ ತರಿಸಿಕೊಳ್ಳಲು ಆಗುವುದಿಲ್ಲ. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು, ಬರುವುದು ಮುಂಬೈ ಬಂದರಿನಿಂದಲೇ. ಅದಕ್ಕೆ ಕಟ್ಟುವ ಸುಂಕ ಕಾರಿನ ಬೆಲೆಯನ್ನೇ ಮೀರಿಸುತ್ತದೆ. ಅಂದರೆ 90ರ ದಶಕದ ಸ್ಕೈಲೈನ್ ಕನಸು ಕನಸೇ. ಉಳಿದ ದಾರಿ ಒಂದೇ: ಕಂಪನಿಯೇ ಇಲ್ಲಿ ತರಿಸಿ ಮಾರಿದ ಕಾರನ್ನು ಎರಡನೆಯ ಕೈಯಿಂದ ಕೊಳ್ಳುವುದು. ನಿಸ್ಸಾನ್ 370ಝಡ್ ನಮ್ಮಲ್ಲಿಗೆ 2010ರಲ್ಲಿ ಹಾಗೆ ಬಂದಿತ್ತು.

ಆದರೆ ನಾನು ಮೊದಲು ಹೋಗಿ ನೋಡಿದ್ದು ಅದನ್ನಲ್ಲ. ಪುಣೆಯಲ್ಲೇ ಒಬ್ಬ ಏಜೆಂಟ್ ಇನ್ನೊಂದು ಜಪಾನಿ ಕಾರು ತೋರಿಸಿದ. ಬೆಲೆ ಎಷ್ಟು ಕಡಿಮೆ ಎಂದರೆ ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಪ್ರಶ್ನೆ ಕೇಳುತ್ತಿದ್ದವಳು ನಾನು, ಅವನು ಉತ್ತರ ಹೇಳುತ್ತಿದ್ದುದು ನನ್ನ ಗಂಡನಿಗೆ. "ಸಾಹೇಬ್, ಗಾಡಿ ಏಕದಮ್ ಟಾಪ್ ಆಹೇ!" ನನ್ನ ಗಂಡನಿಗೆ ಡೀಸೆಲ್ ಕಾರು ಯಾವುದು, ಪೆಟ್ರೋಲ್ ಕಾರು ಯಾವುದು ಎಂಬುದೂ ಮುಚ್ಚಳದ ಮೇಲೆ ಬರೆದಿದ್ದರೆ ಮಾತ್ರ ಗೊತ್ತು. ಆರ್‌ಸಿ ದೂರದ ಗುಡ್ಡಗಾಡು ರಾಜ್ಯದ್ದು. ಕಸ್ಟಮ್ಸಿನ ಬಿಲ್ ಆಫ್ ಎಂಟ್ರಿ ಎಲ್ಲಿ ಎಂದರೆ "ನಂತರ ಕೊಡ್ತೀವಿ". ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ಚಾಸಿಸ್ ನಂಬರಿನ ಸುತ್ತ ಮಾತ್ರ ಬಣ್ಣ ಹೊಸದು. ಅಂಕೆಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿರಲಿಲ್ಲ.

ಟೋಕನ್ ಹಣ ಪರ್ಸಿನಲ್ಲೇ ಇತ್ತು. ಕೊಟ್ಟುಬಿಡೋಣ ಅನ್ನಿಸಿತ್ತು ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ. ಕೊಡಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸಿನವರು 'ಆಪರೇಷನ್ ನುಮ್ಖೋರ್' ನಡೆಸಿ, ಭೂತಾನಿನಿಂದ ಕಳ್ಳದಾರಿಯಲ್ಲಿ ಬಂದವೆಂದು ಕಾರುಗಳನ್ನು ವಶಪಡಿಸಿಕೊಂಡ ಸುದ್ದಿ ಓದಿದಾಗ ಕೈ ತಣ್ಣಗಾಯಿತು. ಅಂಥ ಕಾರು ಸಿಕ್ಕಿಬಿದ್ದರೆ ಕಳೆದುಕೊಳ್ಳುವವರು ಕಡೆಯಲ್ಲಿ ಕೊಂಡವರೇ ತಾನೆ.

ನನಗೆ ಸಿಕ್ಕ 370ಝಡ್ ಬೆಂಗಳೂರಿನ ಒಬ್ಬ ವೈದ್ಯರದ್ದು. 2011ರ ನೋಂದಣಿ, ಒಬ್ಬರೇ ಮಾಲೀಕರು, ಮೊದಲ ದಿನದ ಇನ್‌ವಾಯ್ಸ್‌ನಿಂದ ಹಿಡಿದು ಎಲ್ಲ ಸರ್ವಿಸ್ ಬಿಲ್ಲುಗಳೂ ಒಂದು ಫೈಲಿನಲ್ಲಿ. ಚಾಸಿಸ್ ನಂಬರ್ 'ಜೆ' ಅಕ್ಷರದಿಂದ ಶುರು, ಅಂದರೆ ಜಪಾನಿನಲ್ಲಿ ತಯಾರಾದದ್ದು. ನನಗೆ ಗುರುತಿದ್ದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ಜತೆಗೆ ಕರೆದುಕೊಂಡು ಹೋಗಿದ್ದೆ. ಟೈರಿನ ಮೇಲಿನ ನಾಲ್ಕಂಕಿ ಓದಲು ಅವರೇ ಕಲಿಸಿದರು: 2216 ಎಂದಿದ್ದರೆ 2016ನೇ ಇಸವಿಯ 22ನೇ ವಾರದ ಟೈರು. ಇದು ನಿಮ್ಮ ಮಾರುತಿಗೂ ಅನ್ವಯಿಸುತ್ತದೆ, ಮನೆಗೆ ಹೋಗಿ ನೋಡಿ. ಎಷ್ಟೇ ಹೊಳೆಯುತ್ತಿದ್ದರೂ ಈ ಕಾರಿನ ಟೈರುಗಳು ಮುದುಕರಾಗಿದ್ದವು. ಅಷ್ಟು ಹಣ ಬೆಲೆಯಲ್ಲಿ ಇಳಿಸಿದರು. ಹಾಗಿದ್ದೂ ಒಂದು ಒಳ್ಳೆಯ ಹೊಸ ಎಸ್‌ಯುವಿ ಬರುವಷ್ಟು ಹಣ ಹೋಯಿತು. ನನ್ನ ಹತ್ತು ವರ್ಷದ ಬೋನಸ್ ಅದು.

ಆಮೇಲೆ ಕಾಗದದ ಕೆಲಸ. ಕರ್ನಾಟಕದ ಎನ್‌ಒಸಿಗೆ ಫಾರಂ 28, ಹೆಸರು ಬದಲಾಯಿಸಲು 29 ಮತ್ತು 30. ಹದಿನಾಲ್ಕು ದಿನದೊಳಗೆ ಇನ್ಶೂರೆನ್ಸ್ ವರ್ಗಾವಣೆಗೆ ಅರ್ಜಿ ಹಾಕಬೇಕು. ಇದನ್ನು ಬಹಳ ಜನ ಮರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಆಮದು ಕಾರಿಗೆ ತೆರಿಗೆ ಶೇಕಡಾ 20. ಕಾರಿನ ವಯಸ್ಸು ನೋಡಿ ಕಡಿಮೆ ಮಾಡುತ್ತಾರಾದರೂ ಚೆಕ್ ಬರೆಯುವಾಗ ಒಂದು ಸಲ ದೇವರನ್ನು ನೆನೆದೆ.

ಬೆಂಗಳೂರಿನಿಂದ ನಾನೇ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಧಾರವಾಡದ ತವರುಮನೆ. ಅವ್ವ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅಪ್ಪ ಒಂದು ಸುತ್ತು ಹಾಕಿ, "ಏನವಾ ಇದು, ಎರಡs ಸೀಟು? ಗಂಡ, ಮಗಾ ಎಲ್ಲಿ ಕುಂದರ್ತಾರ?" ಅಂದರು.

"ಅವರಿಗೆ ಬ್ಯಾರೆ ಗಾಡಿ ಐತಲ್ಲಪ್ಪ. ಇದು ನಂದು."

ಅಪ್ಪ ಮಾತಾಡಲಿಲ್ಲ. ಬ್ಯಾಂಕಿನ ಸಾಲ ತೀರಿಸುತ್ತ ಮೂವತ್ತು ವರ್ಷ ಒಂದೇ ಸ್ಕೂಟರ್ ಓಡಿಸಿದವರು ಅವರು. ನನ್ನ ಫೀಸಿಗಾಗಿ ಅದನ್ನೂ ಒಮ್ಮೆ ಮಾರಲು ಹೊರಟಿದ್ದರು. ಸಂಜೆ ತಾವೇ ಬಂದು, ನೋಯುವ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟು ಕುಳಿತರು. ನುಗ್ಗಿಕೇರಿ ಹನುಮಪ್ಪನ ಗುಡಿಯವರೆಗೆ ಹೋಗಿ ಬಂದೆವು. ಇಳಿಯಲು ಇಬ್ಬರು ಎತ್ತಬೇಕಾಯಿತು. "ಇನ್ನೊಮ್ಮೆ ಬಂದಾಗ ಸ್ವಲ್ಪ ಜೋರಾಗಿ ಹೊಡಿ," ಅಂದರು.

ಜಪಾನಿನಲ್ಲಿ ಈ ಕಾರಿಗೆ 'ಫೇರ್‌ಲೇಡಿ ಝಡ್' ಎಂದೇ ಹೆಸರು. 'ಮೈ ಫೇರ್ ಲೇಡಿ' ಸಂಗೀತ ನಾಟಕದಿಂದ ಬಂದ ಹೆಸರಂತೆ. 1969ರಲ್ಲಿ ಇದರ ಮೊದಲ ಪೀಳಿಗೆಯನ್ನು ಅಮೆರಿಕದಲ್ಲಿ ಮಾರುವಾಗ ಸ್ಪೋರ್ಟ್ಸ್ ಕಾರಿಗೆ ಹೆಂಗಸಿನ ಹೆಸರೇ ಎಂದು ತೆಗೆದು, ಬರೀ 240ಝಡ್ ಮಾಡಿದರು. ಆ ಕಥೆಯ ಮೂಲ ನಾಟಕವನ್ನೇ ಪು.ಲ. ದೇಶಪಾಂಡೆಯವರು ಮರಾಠಿಗೆ 'ತೀ ಫುಲರಾಣಿ' ಎಂದು ತಂದರು. ಪುಣೆಯಲ್ಲಿದ್ದು ಬೇರೆ ಹೆಸರು ಹುಡುಕಲೇ? ನನ್ನ ಕಾರು ಫುಲರಾಣಿ.

ಕಷ್ಟಗಳೂ ಇವೆ. ನಮ್ಮ ಸೊಸೈಟಿಯ ಸ್ಪೀಡ್ ಬ್ರೇಕರನ್ನು ಅವಳು ಓರೆಯಾಗಿ, ಸೀರೆ ನೆರಿಗೆ ಹಿಡಿದು ನಡೆದಂತೆ ದಾಟಬೇಕು. ಮೊದಲ ತಿಂಗಳೇ ನಾನು ಅವಸರ ಮಾಡಿ ಮುಂದಿನ ಬಂಪರ್ ಕೆರೆದುಕೊಂಡೆ. ಮಳೆಗಾಲದಲ್ಲಿ ಹೊರಗೆ ತೆಗೆಯುವುದಿಲ್ಲ. ಬಿಡಿಭಾಗ ಬೇಕೆಂದರೆ ವಾರಗಟ್ಟಲೆ ಕಾಯಬೇಕು.

ಬರುವ ನವೆಂಬರಿಗೆ ಅವಳಿಗೆ ಹದಿನೈದು ತುಂಬುತ್ತದೆ. ಆರ್‌ಟಿಒಗೆ ಕರೆದೊಯ್ದು, ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಬೇಕು. ಸಾಧಾರಣ ಕಾರಿಗೆ ಅದರ ಶುಲ್ಕ 5,000, ಆಮದು ಕಾರಿಗೆ 40,000. ಈಗಿನಿಂದಲೇ ತಿಂಗಳಿಗೆ ಇಷ್ಟು ಎಂದು ಎತ್ತಿಡುತ್ತಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ಯಾರಿಗಾದರೂ ಒಂದು ಸುತ್ತು ಬರಬೇಕೆನಿಸಿದರೆ ಕೆಳಗೆ ಬನ್ನಿ, ಒಬ್ಬೊಬ್ಬರಾಗಿ. ಹಿಂದಿನ ಸೀಟು ಇಲ್ಲ.