ಮೂರನೆಯ ಸುತ್ತಿನ ಕಾಫಿ

ಇಂದು ಬಿ.ಎಡ್. ಪದವಿ ಪಡೆದು ಮೇಷ್ಟ್ರು, ಟೀಚರ್ ಎನ್ನಿಸಿಕೊಳ್ಳುತ್ತಿರುವ ಗೆಳೆಯರೇ,

ಜಯನಗರದ ಅಶೋಕ ಸ್ತಂಭದಿಂದ ಹತ್ತು ನಿಮಿಷ ನಡೆದರೆ ನನ್ನ ಮನೆ. ಬನಶಂಕರಿಯ ಶಾಲೆಯೊಂದರಲ್ಲಿ 31 ವರ್ಷ ಗಣಿತ ಹೇಳಿಕೊಟ್ಟೆ. ನಿವೃತ್ತನಾದ ಮೇಲೆ, 2010ರಲ್ಲಿ, ಸ್ವಯಂಸೇವಕ ಶಿಕ್ಷಕನಾಗಿ ಇಥಿಯೋಪಿಯಾದ ಬಹಿರ್ ದಾರ್ ಎಂಬ ಊರಿಗೆ ಹೋಗಿ ಎರಡು ವರ್ಷ ಇದ್ದೆ. ಪ್ರಾಥಮಿಕ ಶಾಲೆಗಳಿಗೆ ಶಿಕ್ಷಕರಾಗಿ ಹೋಗಲಿರುವ ಹುಡುಗ ಹುಡುಗಿಯರಿಗೆ ಗಣಿತ ಕಲಿಸುವ ಬಗೆಯನ್ನು ಹೇಳಿಕೊಡುವುದು ನನ್ನ ಕೆಲಸ. ವಾರದ ಐದು ದಿನದ ಆ ಪಾಠ ಎಂಥದೆಂದು ನೀವು ಊಹಿಸಬಲ್ಲಿರಿ. ಇವತ್ತು ಅಲ್ಲಿಯ ಶನಿವಾರ, ಭಾನುವಾರಗಳ ಮಾತು ಹೇಳುತ್ತೇನೆ.

ಬಹಿರ್ ದಾರ್ ಇರುವುದು ತಾನಾ ಸರೋವರದ ದಕ್ಷಿಣ ದಡದಲ್ಲಿ. ಮೂರು ಸಾವಿರ ಚದರ ಕಿಲೋಮೀಟರ್ ಹರಡಿಕೊಂಡ ನೀರು. ನೀಲಿ ನೈಲ್ ನದಿ ಹೊರಡುವುದು ಅಲ್ಲಿಂದಲೇ. ಅಲ್ಲಿನವರ ಬಾಯಲ್ಲಿ ಅದು ಅಬ್ಬಾಯ್. ಪಪೈರಸ್ ಜೊಂಡನ್ನು ಕಟ್ಟುಕಟ್ಟಾಗಿ ಬಿಗಿದು ಮಾಡಿದ ತಂಕ್ವಾ ದೋಣಿಗಳು ಬೆಳಗಿನ ಮಂಜಿನಲ್ಲಿ ದಡಕ್ಕೆ ಬರುವುದನ್ನು ನೋಡಲೆಂದೇ ನಾನು ಬೇಗ ಏಳುತ್ತಿದ್ದೆ.

ಮೊದಲ ವಾರವೇ ಎಡವಿದೆ. ಭಿನ್ನರಾಶಿಯಲ್ಲಿ ತಡವರಿಸುತ್ತಿದ್ದ ಹನ್ನೆರಡು ಮಂದಿಗೆ ಶನಿವಾರ ಎರಡು ಗಂಟೆಗೆ ವಿಶೇಷ ತರಗತಿ ಎಂದು ಬೋರ್ಡಿನ ಮೇಲೆ ಬರೆದೆ. ಮಧ್ಯಾಹ್ನ ಎರಡಕ್ಕೆ ಹೋಗಿ ಕಾದೆ. ಒಬ್ಬರೂ ಬರಲಿಲ್ಲ. ಸೋಮವಾರ ಶಿಸ್ತಿನ ಬಗ್ಗೆ ಕಾಲು ಗಂಟೆ ಮಾತಾಡಿದೆ. ಅವರು ತಲೆ ತಗ್ಗಿಸಿಕೊಂಡು ಕೇಳಿದರು. ಆಮೇಲೆ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ವಿಷಯ ತಿಳಿಸಿದರು. ಇಥಿಯೋಪಿಯಾದಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ ಏಳು ಅವರಿಗೆ ಒಂದು ಗಂಟೆ. ನಮ್ಮ ಎಂಟು, ಅವರಿಗೆ ಎರಡು. ಹನ್ನೆರಡು ಮಂದಿಯೂ ಬೆಳಿಗ್ಗೆ ಎಂಟಕ್ಕೇ ಬಂದು, ಮುಚ್ಚಿದ ಬಾಗಿಲ ಮುಂದೆ ಹತ್ತರವರೆಗೆ ಕೂತಿದ್ದು ಹೋಗಿದ್ದರು. ದೂರದ ಹಳ್ಳಿಗಳಿಂದ ನಡೆದು ಬಂದವರೂ ಅವರಲ್ಲಿದ್ದರು.

ನನ್ನ ಅಜ್ಜಿಯೂ ಹೊತ್ತು ಹುಟ್ಟಿದಾಗಿನಿಂದಲೇ ಘಳಿಗೆ ಎಣಿಸುತ್ತಿದ್ದಳು. ನಮ್ಮ ಪಂಚಾಂಗದ ಲೆಕ್ಕವೂ ಅದೇ. ಅದನ್ನು ನೋಡಿಕೊಂಡೇ ಬೆಳೆದ ನಾನು, ಅವರ ಗಡಿಯಾರ ಎಂಥದೆಂದು ಒಂದು ಮಾತು ಕೇಳದೆ, ಅವರಿಗೆ ಸಮಯದ ಬೆಲೆ ಹೇಳಿದ್ದೆ. ಮಾರನೆಯ ದಿನ ತರಗತಿಯಲ್ಲಿ ಕ್ಷಮೆ ಕೇಳಿದೆ. ಅವರಿಗೆ ನನಗಿಂತ ಹೆಚ್ಚು ಸಂಕೋಚವಾಯಿತು.

ನಾಳೆ ನಿಮ್ಮ ತರಗತಿಗೆ ಜೆ.ಪಿ. ನಗರದ ಯಾವುದೋ ಕಟ್ಟಡದ ಶೆಡ್ಡಿನಿಂದ, ಅಪ್ಪ ಅಮ್ಮ ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದಿರುವ ಒಂದು ಹುಡುಗಿ ಬರುತ್ತಾಳೆ. ಯಾಕಮ್ಮ ಲೇಟು ಎಂದು ಗದರುವ ಮೊದಲು, ನಿಮ್ಮ ಕಡೆ ನೀರಿನ ಟ್ಯಾಂಕರ್ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿ.

ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಆ ಸಹೋದ್ಯೋಗಿಯೇ ಮುಂದಿನ ಶನಿವಾರ ಸಂತೆಗೆ ಕರೆದುಕೊಂಡು ಹೋದರು. ಅಲ್ಲಿ ಗೋಣಿತಾಟಿನ ಮೇಲೆ ಒಂದು ಕೆಂಪು ರಾಶಿ ಕಂಡು ನಿಂತುಬಿಟ್ಟೆ. ಕೈಗೆ ತೆಗೆದುಕೊಂಡು ನೋಡಿದೆ. ರಾಗಿ! ಅವರು ದಗುಸಾ ಅನ್ನುತ್ತಾರೆ. ರಾಗಿ ಮೊದಲು ಪಳಗಿದ್ದು ಪೂರ್ವ ಆಫ್ರಿಕದ ಎತ್ತರದ ನೆಲದಲ್ಲಿ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂತು ಎಂದು ವಿಜ್ಞಾನಿಗಳು ಹೇಳುವುದನ್ನು ಓದಿದ್ದೆ. ಓದಿದ್ದು ಬೇರೆ, ಮನೆ ಬಿಟ್ಟು ಸಾವಿರಾರು ಮೈಲಿ ದೂರದ ಸಂತೆಯಲ್ಲಿ ಅಂಗೈ ತುಂಬ ಹಿಡಿದು ನಿಲ್ಲುವುದು ಬೇರೆ. ಕಾಫಿಯ ತವರೂ ಇಥಿಯೋಪಿಯಾವೇ. ಬಾಬಾ ಬುಡನ್ ಏಳು ಬೀಜ ತಂದರೆಂಬ ಪ್ರತೀತಿಯ ಆಚೆಗೆ, ಯೆಮನ್‌ನ ಆಚೆಗೆ, ಕಾಫಿ ಗಿಡ ತಾನಾಗಿ ಬೆಳೆದದ್ದು ಆ ದೇಶದ ನೈಋತ್ಯದ ಕಾಡುಗಳಲ್ಲಿ. ನನ್ನ ಮನೆಯ ಮುದ್ದೆಯೂ ಕಾಫಿಯೂ ಅವರ ಕಡೆಯಿಂದ ಬಂದವು ಎಂದೆ. ಅವರು ನಕ್ಕು, ಹಾಗಾದರೆ ನಾಳೆ ಊಟಕ್ಕೆ ಬನ್ನಿ ಎಂದರು.

ಆ ಭಾನುವಾರದಿಂದ ಹಿಡಿದು ಎರಡು ವರ್ಷ, ನನ್ನ ಭಾನುವಾರಗಳೆಲ್ಲ ಆ ಮನೆಯವೇ ಆದವು. ಸಹೋದ್ಯೋಗಿಯ ತಂದೆ ನನ್ನನ್ನು ಕಂಡೊಡನೆ ಎದ್ದು ನಿಂತು ಎರಡೂ ಕೈಯಿಂದ ಕೈ ಹಿಡಿದುಕೊಂಡರು. 1960ರ ದಶಕದಲ್ಲಿ ಅವರಿಗೆ ಗಣಿತ ಕಲಿಸಿದವರು ಒಬ್ಬ ಭಾರತೀಯ ಮೇಷ್ಟ್ರು. ಇಟಲಿಯವರು 1936ರಿಂದ 1941ರವರೆಗೆ ಆ ದೇಶವನ್ನು ಆಕ್ರಮಿಸಿಕೊಂಡಿದ್ದಾಗ ಓದಿದವರ ಒಂದು ತಲೆಮಾರನ್ನೇ ಕೊಂದಿದ್ದರು. ಆಮೇಲೆ ಚಕ್ರವರ್ತಿ ಹೈಲೆ ಸೆಲಾಸಿಯ ಸರ್ಕಾರ ಶಾಲೆಗಳನ್ನು ಮತ್ತೆ ಕಟ್ಟಲು ಹೊರಟು ಭಾರತದಿಂದ ಶಿಕ್ಷಕರನ್ನು ಕರೆಸಿಕೊಂಡಿತು. ನಮ್ಮವರು ಸಣ್ಣ ಸಣ್ಣ ಊರುಗಳಲ್ಲೂ ಮನೆ ಮಾಡಿಕೊಂಡು ಕಲಿಸಿದರು. ತನ್ನ ಮೇಷ್ಟ್ರ ಊರು ಯಾವುದೋ ಆ ಹಿರಿಯರಿಗೆ ನೆನಪಿರಲಿಲ್ಲ. ಮಗ್ಗಿ ತಪ್ಪಿದರೆ ಅವರು ಹೇಗೆ ಕನ್ನಡಕ ತೆಗೆದು ನೋಡುತ್ತಿದ್ದರೆಂಬುದು ನೆನಪಿತ್ತು, ಮಾಡಿ ತೋರಿಸಿದರು. ಆ ಹೆಸರು ತಿಳಿಯದ ಮೇಷ್ಟ್ರ ಪುಣ್ಯವನ್ನು ನಾನು ಎರಡು ವರ್ಷ ಉಂಡೆ.

ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಭಾನುವಾರ ಅವರಿಗೆ ಮಾಂಸದೂಟದ ದಿನ. ನಾನು ಸಸ್ಯಾಹಾರಿ ಎಂದು ತಿಳಿದ ಆ ಮನೆಯ ತಾಯಿ ಭಾನುವಾರವೂ ಉಪವಾಸದ ಅಡುಗೆಯನ್ನೇ ಮಾಡಿದರು. ನನಗೊಬ್ಬನಿಗೆ ಬೇರೆ ತಟ್ಟೆ ಇಡಲಿಲ್ಲ. ಇಡೀ ಮನೆ ಅದನ್ನೇ ಉಂಡಿತು. ತೆಫ್ ಹಿಟ್ಟು ಹುಳಿ ಬರಿಸಿ ಹುಯ್ದ ದೊಡ್ಡ ಇಂಜೆರಾ, ಅದರ ಮೇಲೆ ಕಡಲೆ ಹಿಟ್ಟಿನ ಶಿರೋ. ಎಲ್ಲರ ಕೈಯೂ ಒಂದೇ ತಟ್ಟೆಗೆ. ನಡುವೆ ಆ ತಾಯಿ ಒಂದು ತುತ್ತು ಸುತ್ತಿ ನನ್ನ ಬಾಯಿಗೇ ಇಟ್ಟರು. ಅದಕ್ಕೆ ಗುರ್ಶಾ ಎನ್ನುತ್ತಾರೆ. ನನ್ನ ಅಮ್ಮ ತೀರಿಕೊಂಡ ಮೇಲೆ ನನಗೆ ಯಾರೂ ತುತ್ತು ಕೊಟ್ಟಿರಲಿಲ್ಲ.

ಊಟದ ಮೇಲೆ ಕಾಫಿ. ನೆಲಕ್ಕೆ ಹಸಿ ಹುಲ್ಲು ಹಾಸಿ, ಧೂಪ ಹಾಕಿ, ಹಸಿ ಬೀಜವನ್ನು ಅಲ್ಲೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸುತ್ತಾರೆ. ಮೂರು ಸುತ್ತು: ಅಬೋಲ್, ತೊನಾ, ಬರಕಾ. ಅದೇ ಪುಡಿಗೆ ಮತ್ತೆ ಮತ್ತೆ ನೀರು. ಬರಕಾ ಎಂದರೆ ಆಶೀರ್ವಾದ. ಅದಕ್ಕೆ ಮೊದಲು ಎದ್ದು ಹೋಗಬಾರದು. ಅವಸರದ ಬೆಂಗಳೂರಿನಿಂದ ಹೋದ ನನಗೆ ಮೂರನೆಯ ಸುತ್ತಿನವರೆಗೆ ಕೂರುವುದನ್ನು ಕಲಿಯಲು ಎಷ್ಟೋ ತಿಂಗಳು ಬೇಕಾದವು.

ಆ ಮನೆಯ ಕಿರಿಯ ಮಗ 2014ರಲ್ಲಿ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಬಂದ. ಬಿಟಿಎಂ ಲೇಔಟಿನಲ್ಲಿ ನಾವಿಬ್ಬರೂ ಮನೆ ಹುಡುಕಿದೆವು. ಫೋನಿನಲ್ಲಿ ಬನ್ನಿ ಎಂದವರು ಅವನ ಮುಖ ನೋಡಿದ ಮೇಲೆ, ಈಗಷ್ಟೇ ಅಡ್ವಾನ್ಸ್ ಬಂತು ಎಂದರು. ಮಾರನೆಯ ದಿನವೂ ಅಲ್ಲಿ ಟು-ಲೆಟ್ ಬೋರ್ಡು ತೂಗುತ್ತಿತ್ತು. ಹೀಗೆ ಏಳು ಮನೆ. ಪ್ರತಿ ಗೇಟಿನಲ್ಲೂ ಅವನು ನನಗೆ ಸಮಾಧಾನ ಹೇಳುತ್ತಿದ್ದ. 2016ರ ಜನವರಿ 31ರ ರಾತ್ರಿ ನಮ್ಮ ನಗರದ ಹೊರವಲಯದಲ್ಲಿ, ಬೇರೆ ಯಾರೋ ಮಾಡಿದ ಅಪಘಾತದ ಸಿಟ್ಟಿಗೆ, ದಾರಿಯಲ್ಲಿ ಬರುತ್ತಿದ್ದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಕೈಮಾಡಿತು. ಎರಡು ದಿನ ಬಿಟ್ಟು ಬಹಿರ್ ದಾರ್‌ನಿಂದ ಫೋನ್ ಬಂತು, ಆ ತಾಯಿಯದು. ನನಗೆ ಬರುವ ಅಮ್ಹಾರಿಕ್ ಅಷ್ಟರಲ್ಲೇ ಇದೆ. ಅವರು ಏನನ್ನೂ ದೂರಲಿಲ್ಲ. ಅವನು ಭಾನುವಾರ ನಿಮ್ಮ ಮನೆಗೆ ಬರುತ್ತಿರುತ್ತಾನಲ್ಲ ಎಂದಷ್ಟೇ ಕೇಳಿದರು.

ಎರಡು ವರ್ಷದಲ್ಲಿ ಅವನು ನಮ್ಮ ಮನೆಗೆ ಬಂದದ್ದು ನಾಲ್ಕು ಸಲ. ಕರೆದದ್ದೇ ನಾಲ್ಕು ಸಲ. ಹೌದಮ್ಮ ಎಂದು ಆಕೆಗೆ ಸುಳ್ಳು ಹೇಳಿದೆ.

ಆ ಭಾನುವಾರ ಹೋಗಿ ನಾನೇ ಕರೆದುಕೊಂಡು ಬಂದೆ. ನನ್ನಾಕೆ ಮುದ್ದೆ, ಬಸ್ಸಾರು ಮಾಡಿದ್ದಳು. ಊಟವಾಗಿ, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಇಷ್ಟು ದಿನದಲ್ಲಿ ನಮ್ಮೂರಿನ ರೀತಿ ಕಲಿತವನಂತೆ, ಬರ್ತೀನಿ ಅಂಕಲ್ ಎಂದು ಎದ್ದ. ತೊನಾ ಎಂದೆ. ಅವನು ನನ್ನ ಮುಖ ನೋಡಿ ಕೂತ. ನನ್ನಾಕೆ ಫಿಲ್ಟರಿಗೆ ಮತ್ತೆ ಬಿಸಿನೀರು ಹಾಕಿದಳು. ಆಮೇಲೆ ಇನ್ನೊಂದು ಸಲ. ಮೂರನೆಯ ಸುತ್ತಿಗೆ ಡಿಕಾಕ್ಷನ್ ತೀರಾ ತೆಳ್ಳಗಾಗಿತ್ತು. ಅವರ ಮನೆಯಲ್ಲೂ ಅದು ಹಾಗೆಯೇ ಇರುತ್ತಿತ್ತು.