ಬಿಟ್ಟಿ ತಂತ್ರಾಂಶಕ್ಕೆ ವಾರಸುದಾರ ಯಾರು?

(ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)

ಗೆಳೆಯರೇ, ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ನೇರ ಅಚ್ಚಿನ ಯಂತ್ರದ ಮುಂದೆ ನಿಂತವನು. ಆದರೂ ಕಂಪ್ಯೂಟರ್ ಕೆಲಸದಲ್ಲಿರುವ ನಿಮ್ಮನ್ನು ಒಂದು ಮಾತು ಕೇಳುತ್ತೇನೆ. ನಿಮ್ಮ ಕಚೇರಿಯಲ್ಲಿರುವ ಓಪನ್ ಸೋರ್ಸ್ ತಂತ್ರಾಂಶ ಕೈಕೊಟ್ಟರೆ ಯಾರನ್ನು ಹಿಡಿಯುತ್ತೀರಿ?

ನನ್ನ ಪಾಡು ಹೇಳುತ್ತೇನೆ. ಪುಟ ಜೋಡಿಸಲು ಸ್ಕ್ರೈಬಸ್ ಹಾಕಿಸಿದ್ದೆ. ದುಡ್ಡು ಕೊಡಬೇಕಿಲ್ಲ. ಎರಡನೇ ಕಂಪ್ಯೂಟರಿಗೆ ಮಾತ್ರ ಒತ್ತಕ್ಷರ ಬಾರದ ಹಳೇ ಆವೃತ್ತಿ ಹಾಕಿಹೋಗಿದ್ದರು. ಹುಡುಗ ಅದರಲ್ಲೇ ಮದುವೆ ಪತ್ರಿಕೆ ಜೋಡಿಸಿದ. ಅವಸರದಲ್ಲಿ ನಾನೂ ಪ್ರೂಫ್ ನೋಡಲಿಲ್ಲ. ಪತ್ರಿಕೆಯ ನೆತ್ತಿಯ ಮೇಲೆ 'ಪ್ರಸನ್ನ' ಒಡೆದು 'ಪ್‌ರಸನ್‌ನ' ಆಗಿತ್ತು! ದೇವರ ಕಥೆ ಬಿಡಿ, ಗಿರಾಕಿ ಪ್ರಸನ್ನನಾಗಲಿಲ್ಲ. ಎರಡು ಸಾವಿರ ಪತ್ರಿಕೆ ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಕೊಟ್ಟೆ.

ಹಾಕಿಕೊಟ್ಟವನಿಗೆ ಫೋನ್ ಮಾಡಿದರೆ, 'ಸಾರ್, ಅದು ಓಪನ್ ಸೋರ್ಸ್, ಬರೆದವರನ್ನ ಕೇಳಿ' ಅಂದ. ಬಿಲ್ಲು ತೆಗೆದು ನೋಡಿದೆ. 'ಅಳವಡಿಕೆ' ಅಂತಷ್ಟೇ ಇತ್ತು. ನಿರ್ವಹಣೆಯ ಮಾತೇ ಇರಲಿಲ್ಲ.

ಬರೆದವರನ್ನು ಕೇಳಬಹುದೇ? ಕೇಳಿದ ಮಹಾನುಭಾವರಿದ್ದಾರೆ! 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ತಂತ್ರಾಂಶದಲ್ಲಿ ದೊಡ್ಡ ಲೋಪ ಕಂಡು ಜಗತ್ತೇ ಗಾಬರಿಬಿತ್ತು. ಮರುತಿಂಗಳು ಅಮೆರಿಕದ ದೈತ್ಯ ಕಂಪನಿಯೊಂದು ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಅವರಿಗೆ ಇಮೇಲ್ ಹಾಕಿ, 24 ಗಂಟೆಯೊಳಗೆ ವಿವರ ಕೊಡಿ ಎಂದಿತು. ಅವರು ಕರ್ಲ್ ಎಂಬ ಬೇರೆಯೇ ತಂತ್ರಾಂಶ ಬರೆದವರು. ಕಂಪನಿಗೂ ಅವರಿಗೂ ಯಾವ ಒಪ್ಪಂದವೂ ಇರಲಿಲ್ಲ. ಬೆಂಬಲದ ಒಪ್ಪಂದಕ್ಕೆ ಸಹಿ ಹಾಕಿ, ಸಂತೋಷವಾಗಿ ಉತ್ತರಿಸುತ್ತೇನೆ ಎಂದರು. ಸರಿಯಾಗೇ ಕೊಟ್ಟರು! ಎಂಐಟಿ, ಜಿಪಿಎಲ್ ಲೈಸೆನ್ಸುಗಳನ್ನು ಓದಿ ನೋಡಿ. ಇದ್ದಂತೆ ಕೊಟ್ಟಿದ್ದೇವೆ, ಖಾತರಿ ಇಲ್ಲ ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲೇ ಇದೆ.

ಆದ್ದರಿಂದ ಮೊದಲು ಬಿಲ್ಲು ಹುಡುಕಿ. ಲೆಕ್ಕದ ತಂತ್ರಾಂಶ ಕೊಂಡಿದ್ದೀರಿ, ಅದರ ಹೊಟ್ಟೆಯೊಳಗೆ ಪೋಸ್ಟ್‌ಗ್ರೆಸ್ ಇದೆ ಅನ್ನಿ. ಮಾರಿದವನೇ ಎರಡಕ್ಕೂ ಉತ್ತರ ಹೇಳಬೇಕು. ರೆಡ್ ಹ್ಯಾಟ್‌ಗೆ ಚಂದಾ ಕಟ್ಟಿ ಲಿನಕ್ಸ್ ಬಳಸುತ್ತಿದ್ದರೆ ಅವರನ್ನು ಕೇಳಿ. ನಿಮ್ಮವನೇ ಇಳಿಸಿಕೊಂಡು ಹಾಕಿದ್ದರೆ? ಆಗ ವೆಂಡರ್ ನೀವೇ ಸ್ವಾಮಿ! ಯೂರೋಪಿನವರು 2024ರಲ್ಲಿ ಕಾನೂನನ್ನೇ ಮಾಡಿದರು. ಮಾರುವ ಸರಕಿನೊಳಗೆ ಯಾರು ಬರೆದ ಓಪನ್ ಸೋರ್ಸ್ ಇದ್ದರೂ ಸುರಕ್ಷತೆಯ ಹೊಣೆ ಸರಕಿನ ತಯಾರಕನದು. ಅದರ ಮುಖ್ಯ ಕಟ್ಟಳೆಗಳು 2027ರ ಡಿಸೆಂಬರಿನಿಂದ ಜಾರಿ.

ಕೆಲವರು ವೆಂಡರ್ ಕಾಲಮ್ಮಿನಲ್ಲಿ 'ಓಪನ್ ಸೋರ್ಸ್' ಅಂತಲೇ ಬರೆದು ಕೈತೊಳೆದುಕೊಳ್ಳುತ್ತಾರೆ. ಸಾಲಪತ್ರದಲ್ಲಿ ಜಾಮೀನುದಾರರು 'ಊರ ಜನ' ಅಂತ ಬರೆದ ಹಾಗೆ!

ನಮ್ಮ ಪ್ರೆಸ್ಸಿನ ಪುಸ್ತಕದಲ್ಲಿ ಈಗ ಸ್ಕ್ರೈಬಸ್ ಎದುರಿಗೆ ನಮ್ಮ ಬಡಾವಣೆಯ ಹುಡುಗನೊಬ್ಬನ ಹೆಸರಿದೆ. ತಿಂಗಳಿಗಿಷ್ಟು ಅಂತ ಕೊಡುತ್ತೇನೆ. ಹೊಸ ಆವೃತ್ತಿ ಬಂದರೆ ಮೊದಲು ಒತ್ತಕ್ಷರ ನೋಡುತ್ತಾನೆ. ತಪ್ಪಿದ್ದರೆ ಬರೆದವರಿಗೆ ವಿವರವಾಗಿ ತಿಳಿಸುತ್ತಾನೆ. ನಮ್ಮ ಒತ್ತು ಎಲ್ಲಿ ಜಾರಿತು ಅಂತ ಹೇಳಲು ಕನ್ನಡದವನೇ ಬೇಕಲ್ಲ! ಉಳಿದ ಸಾಲುಗಳ ಎದುರಿಗೆ ಸದ್ಯಕ್ಕೆ ನನ್ನ ಹೆಸರೇ ಇದೆ. ಈ ಕೆಲಸ ಬಲ್ಲವರು ನಿಮ್ಮಲ್ಲಿದ್ದರೆ ಸಭೆ ಮುಗಿದ ಮೇಲೆ ಸಿಗಿ.