ಆಸನಾಭ್ಯಾಸವೂ ಸತ್ಸಂಗವೂ

(ಮುದಗಲ್ಲಿನ ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಶ್ರೀಮಠದ ಅಂಗಳದಲ್ಲಿ ಬೆಳಗಿನ ಜಾವ ಕೂಡಿ ಆಸನಗಳನ್ನು ಮಾಡುವ ತರುಣರು ಮೊನ್ನೆ ನನ್ನ ಬಳಿಗೆ ಬಂದು, "ಶಾಸ್ತ್ರಿಗಳೇ, ಯೋಗವನ್ನು ಏಕಾಂತದಲ್ಲಿಯೇ ಸಾಧಿಸಬೇಕೆಂದು ಗ್ರಂಥಗಳಲ್ಲಿ ಇರುವದಂತೆ. ನಾವು ಗೆಳೆಯರು ಕೂಡಿ ಮಾಡುವದು ತಪ್ಪೇನು?" ಎಂದು ಕೇಳಿದರು. ಪ್ರಶ್ನೆಯು ಚಿಕ್ಕದಾಗಿ ಕಂಡರೂ ವಿಚಾರಕ್ಕೆ ಯೋಗ್ಯವಾದುದು. ಅದನ್ನೇ ಈ ದಿನದ ವಿಷಯವನ್ನಾಗಿ ಎತ್ತಿಕೊಂಡಿರುವೆನು.

ಅವರು ಕೇಳಿದ್ದು ನಿರಾಧಾರವಲ್ಲ. ಸ್ವಾತ್ಮಾರಾಮ ಯೋಗಿಯು ತನ್ನ ಹಠಯೋಗಪ್ರದೀಪಿಕೆಯಲ್ಲಿ, ಸಾಧಕನು ಸಣ್ಣ ಬಾಗಿಲಿನ ಒಂದು ಕುಟೀರದಲ್ಲಿ ಒಬ್ಬನೇ ಇದ್ದು ಅಭ್ಯಾಸ ಮಾಡತಕ್ಕದ್ದೆಂದು ವಿಧಿಸಿರುವನು. ಯೋಗವನ್ನು ಕೆಡಿಸುವ ಆರು ದೋಷಗಳನ್ನು ಹೇಳುವಾಗ ಅತ್ಯಾಹಾರ, ಪ್ರಯಾಸ, ಪ್ರಜಲ್ಪ, ನಿಯಮಾಗ್ರಹ, ಚಾಂಚಲ್ಯಗಳೊಡನೆ ಜನಸಂಗವನ್ನೂ ಎಣಿಸಿರುವನು. ಆದರೆ ಈ ಪಟ್ಟಿಯನ್ನು ನಿಧಾನವಾಗಿ ನೋಡಿರಿ. ಮಂದಿ ಸೇರಿದಲ್ಲಿ ಹರಟೆ ಹುಟ್ಟುವದು, ಅದೇ ಪ್ರಜಲ್ಪ. ಇತರರು ನೋಡುತ್ತಿರುವರೆಂದು ಶಕ್ತಿಮೀರಿ ಮೈಯನ್ನು ದಣಿಸುವದು, ಅದೇ ಪ್ರಯಾಸ. ಜನಸಂಗವು ಈ ಎರಡು ದೋಷಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರುವದರಿಂದಲೇ ಅದು ತ್ಯಾಜ್ಯವಾಯಿತೆಂದು ನನ್ನ ತಿಳುವಳಿಕೆ. ಈ ದೋಷಗಳಿಲ್ಲದ ಸಂಗವನ್ನು ನಮ್ಮ ಹಿರಿಯರು ಸತ್ಸಂಗವೆಂದು ಕರೆದರು.

ನಮ್ಮ ಪರಂಪರೆಯಂತೂ ಸಂಗದಿಂದಲೇ ಬೆಳೆದದ್ದು. ಇಷ್ಟಲಿಂಗವು ಅವರವರ ಅಂಗೈಯಲ್ಲಿಯೇ ಇರುವದು. ಒಬ್ಬನ ಪೂಜೆಯನ್ನು ಮತ್ತೊಬ್ಬನು ಮಾಡಲಾರನು. ಆದರೂ ಅದೇ ಲಿಂಗಪೂಜೆಯನ್ನು ಸಾಲಾಗಿ ಕುಳಿತು ಸಾಮೂಹಿಕವಾಗಿ ಮಾಡುವ ರೂಢಿಯು ನಮ್ಮ ಮಠಗಳಲ್ಲಿ ಇದೆ. ಕಲ್ಯಾಣದ ಶರಣರು ಅನುಭವಮಂಟಪದಲ್ಲಿ ಕೂಡಿ ಕುಳಿತೇ ತಮ್ಮ ತಮ್ಮ ಅನುಭಾವವನ್ನು ಒರೆಗೆ ಹಚ್ಚಿದರು. ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಡದಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿ, ವಟುಗಳನ್ನು ಒಟ್ಟುಗೂಡಿಸಿ ಶಾಸ್ತ್ರದೊಡನೆ ಯೋಗವನ್ನೂ ಕಲಿಸುವ ಏರ್ಪಾಡು ಮಾಡಿದರು. 1996ರಲ್ಲಿ ಲಿಂಗೈಕ್ಯರಾದ, ನಾಡೆಲ್ಲ ಬಲ್ಲ ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮಿಗಳು ಊರೂರಿಗೆ ಹೋಗಿ ಹುಡುಗರನ್ನು ಸಾಲುಗಟ್ಟಿ ನಿಲ್ಲಿಸಿ ಆಸನಗಳನ್ನು ಹೇಳಿಕೊಟ್ಟರು. ಇವರೆಲ್ಲರ ನಡೆಯೇ ನಮಗೆ ಪ್ರಮಾಣವು.

ಕೂಡಿ ಮಾಡುವದರ ಲಾಭವೇನೆಂದರೆ, ಮೊದಲನೆಯದು ನಿಯಮಪಾಲನೆ. ಬೇಸಿಗೆಯಲ್ಲಿ ಕೋಟೆಯ ಬಂಡೆಗಳು ಕಾದ ಹಂಚಿನಂತಾಗುವ ಈ ನಾಡಿನಲ್ಲಿ ಸೂರ್ಯೋದಯದ ಮುಂಚಿನ ವೇಳೆಯೇ ಅಭ್ಯಾಸಕ್ಕೆ ತಕ್ಕದ್ದು. ಆ ಹೊತ್ತಿನಲ್ಲಿ ಒಬ್ಬಂಟಿಗನನ್ನು ಹಾಸಿಗೆಯು ಬಿಡದು. ಬಾಗಿಲಲ್ಲಿ ಗೆಳೆಯನು ಕರೆದರೆ ಏಳದೆ ಗತಿಯಿಲ್ಲ. ಎರಡನೆಯದು ತಿದ್ದುಪಡಿ. ತನ್ನ ಬೆನ್ನು ತನಗೆ ಕಾಣದು. ಪದ್ಮಾಸನದಲ್ಲಿ ಬೆನ್ನು ಬಾಗಿದ್ದನ್ನೂ, ತ್ರಿಕೋಣಾಸನದಲ್ಲಿ ಭುಜವು ಮುಂದಕ್ಕೆ ಜಾರಿದ್ದನ್ನೂ ಒಡನಾಡಿಯ ಕಣ್ಣು ಹೇಳುವದು. ನಮ್ಮ ಮುದಗಲ್ಲಿನ ಮೊಹರಮ್ಮಿನ ಹೆಜ್ಜೆಕುಣಿತವನ್ನು ಎರಡೂ ಮತದವರು ಕೂಡಿ ನೋಡಿ ನಲಿಯುವೆವಷ್ಟೆ. ಹಲಗೆಯ ಬಡಿತಕ್ಕೆ ಒಬ್ಬನ ಕಾಲು ತಪ್ಪಿದರೆ ಮಗ್ಗುಲಲ್ಲಿದ್ದವನಿಗೇ ಮೊದಲು ಗೊತ್ತಾಗುವದು. ಆಸನದ ಸಂಗಡಿಗನೂ ಅಂಥವನೇ.

ಜೋಡಿಯಾಗಿ ಮಾಡತಕ್ಕ ಸುಲಭವಾದ ಆಸನಗಳೂ ಉಂಟು. ಇಬ್ಬರು ಬೆನ್ನಿಗೆ ಬೆನ್ನು ಹಚ್ಚಿ ಸುಖಾಸನದಲ್ಲಿ ಕುಳಿತರೆ, ಒಬ್ಬನ ಉಸಿರಾಟವು ಇನ್ನೊಬ್ಬನ ಬೆನ್ನಿಗೆ ತಿಳಿಯುವದು. ಅವಸರದ ಉಸಿರು ತಾನೇ ನಿಧಾನವಾಗುವದು. ವೃಕ್ಷಾಸನದಲ್ಲಿ ಒಂಟಿಗಾಲಿನ ಮೇಲೆ ತೂಗಾಡುವ ನಾಲ್ವರು ದುಂಡಗೆ ನಿಂತು ಅಂಗೈಗೆ ಅಂಗೈ ತಾಗಿಸಿದರೆ ಎಲ್ಲರೂ ಸ್ಥಿರವಾಗಿ ನಿಲ್ಲುವರು. ನೌಕಾಸನದಲ್ಲಿ ಎದುರುಬದುರು ಕುಳಿತು ಕೈಕೈ ಹಿಡಿದು, ಅಂಗಾಲುಗಳನ್ನು ಒಂದಕ್ಕೊಂದು ಹಚ್ಚಿ ಕಾಲುಗಳನ್ನು ಮೇಲೆತ್ತಬಹುದು. ಇಲ್ಲೆಲ್ಲ ಒಬ್ಬನು ಕೈಬಿಟ್ಟರೆ ಇನ್ನೊಬ್ಬನು ಬೀಳುವನೆಂಬ ಎಚ್ಚರವೇ ಮುಖ್ಯವಾದ ಪಾಠವು.

ಈ ಎಚ್ಚರವು ತಪ್ಪಿದರೆ ಏನಾಗುವದೆಂಬದನ್ನು ನಾನು ನನ್ನ ಅಪರಾಧದಿಂದಲೇ ಕಲಿತೆನು. ಪಾಠಶಾಲೆಯಲ್ಲಿದ್ದಾಗ ಸಹಪಾಠಿಯೊಬ್ಬನೊಡನೆ ಆಸನಗಳನ್ನು ಮಾಡುತ್ತಿದ್ದೆನು. ಪಶ್ಚಿಮೋತ್ತಾನಾಸನದಲ್ಲಿ ನನ್ನ ಹಣೆಯು ಮೊಣಕಾಲಿಗೆ ತಾಗುತ್ತಿತ್ತು. ಅವನಿಗೆ ಒಂದು ಗೇಣು ಕಡಿಮೆ ಬೀಳುತ್ತಿತ್ತು. ಒಂದು ದಿನ ಉಳಿದವರು ನೋಡುತ್ತಿರಲು, "ತಾಳು, ಮುಟ್ಟಿಸಿಯೇ ಬಿಡುವೆನು" ಎಂದು ಅವನ ಬೆನ್ನಿನ ಮೇಲೆ ನನ್ನ ಮೈಭಾರವನ್ನೆಲ್ಲ ಹಾಕಿದೆನು. ಹಣೆಯೇನೋ ಮುಟ್ಟಿತು, ಅವನು ಮಾತ್ರ ಏಳಲಾರದೆ ಹೋದನು. ಮುಂದೆ ಎರಡು ತಿಂಗಳು ಗೋಡೆಗೆ ಒರಗದೆ ಲಿಂಗಪೂಜೆಗೆ ಕುಳಿತುಕೊಳ್ಳುವದು ಅವನಿಂದಾಗಲಿಲ್ಲ. ಅವನ ಪೂಜೆಗೆ ಅಗ್ಘವಣಿ, ಪತ್ರೆ, ವಿಭೂತಿಗಳನ್ನು ತಂದಿಡುವ ಕೆಲಸವನ್ನು ನಾನೇ ವಹಿಸಿಕೊಂಡೆನು. ಅವನು ನನ್ನನ್ನು ಒಮ್ಮೆಯೂ ಬಯ್ಯಲಿಲ್ಲ. ಒಂದು ದಿನ ಮಾತ್ರ, "ನೀನು ಒತ್ತಿದ್ದು ದೊಡ್ಡದಲ್ಲ, ಸಾಕೆಂದು ನಾನು ಹೇಳಿದ್ದು ನಿನಗೆ ಕೇಳಿಸಲಿಲ್ಲವಲ್ಲ!" ಎಂದನು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ನಮಗೆ ಆಸನ ಕಲಿಸುತ್ತಿದ್ದ ಹಿರಿಯರೂ ನನ್ನನ್ನು ಶಿಕ್ಷಿಸಲಿಲ್ಲ, ಬಳಿಗೆ ಕರೆದು, "ತಮ್ಮಾ, ಕೈ ಅವನ ಬೆನ್ನಿನ ಮೇಲಿರಲಿ, ಭಾರ ನಿನ್ನ ಕಾಲಿನ ಮೇಲಿರಲಿ" ಎಂದಷ್ಟೇ ಹೇಳಿದರು.

ಶರಣಬಂಧುಗಳೇ, ಸಹಾಭ್ಯಾಸದ ಶಾಸ್ತ್ರವೆಲ್ಲ ಆ ಒಂದು ಮಾತಿನಲ್ಲಿ ಅಡಗಿರುವದು. ಸ್ಥಿರತೆಯೂ ಸುಖವೂ ಕೂಡಿದ್ದೇ ಆಸನವೆಂದು ಪತಂಜಲಿಯ ಮತ. ಪರರ ಬಲದಿಂದ ಬಗ್ಗಿದ ಬೆನ್ನಿನಲ್ಲಿ ಸುಖವೆಲ್ಲಿಯದು? ತೊಡೆಯ ಹಿಂಬದಿಯ ಸ್ನಾಯುಗಳು ಬಿಗಿಯಾಗಿರುವಾಗ ಬೆನ್ನನ್ನು ಒತ್ತಿದರೆ, ಆ ಒತ್ತಡವು ಸೊಂಟದ ಎಲುಬುಗಳ ನಡುವಣ ಮೆತ್ತೆಗಳ ಮೇಲೆ ಬೀಳುವದೆಂದು ವೈದ್ಯರು ಹೇಳುವರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿ, ಮೈಸೂರಿನಲ್ಲಿ ಕೃಷ್ಣಮಾಚಾರ್ಯರಿಂದ ಯೋಗವನ್ನು ಕಲಿತು ಲೋಕವಿಖ್ಯಾತರಾದ ಬಿ.ಕೆ.ಎಸ್. ಅಯ್ಯಂಗಾರರು ಹಗ್ಗ, ಮರದ ಇಟ್ಟಿಗೆ, ಕುರ್ಚಿಗಳನ್ನು ಆಸರೆಯಾಗಿ ಕೊಟ್ಟು ಅಶಕ್ತರಿಗೂ ಆಸನವನ್ನು ಸಾಧ್ಯಗೊಳಿಸಿದರು. ಸಂಗಡಿಗನೂ ಅಂಥ ಆಸರೆಯೇ ಆಗಿರಬೇಕು. ಜೀವವುಳ್ಳ, ಕಿವಿಯುಳ್ಳ ಆಸರೆ. ಆದಕಾರಣ ತರುಣರಲ್ಲಿ ನನ್ನ ವಿನಂತಿಯೇನೆಂದರೆ: ಕೇಳದೆ ಯಾರ ಮೈಯನ್ನೂ ಮುಟ್ಟಬೇಡಿರಿ. ಸಾಕೆಂದ ಕೂಡಲೇ ಬಿಡಿರಿ. ಶೀರ್ಷಾಸನ ಸರ್ವಾಂಗಾಸನಗಳಲ್ಲಿ ಕಾಲೆಳೆದು ವಿನೋದ ಮಾಡಬೇಡಿರಿ. ಅಲ್ಲಿ ಅಪಾಯಕ್ಕೊಳಗಾಗುವದು ಕುತ್ತಿಗೆಯು. ರಕ್ತದ ಒತ್ತಡವುಳ್ಳವರೂ ಕಣ್ಣಿನ ಬೇನೆಯುಳ್ಳವರೂ ವೈದ್ಯರನ್ನು ಕೇಳದೆ ತಲೆಕೆಳಗಾದ ಆಸನಗಳಿಗೆ ತೊಡಗಕೂಡದು. ಯಾರ ಹಣೆ ಎಲ್ಲಿಗೆ ಮುಟ್ಟಿತೆಂದು ಅಳೆಯುವ ಪಂದ್ಯವನ್ನಂತೂ ಅಂಗಳದೊಳಗೆ ಬರಗೊಡಬೇಡಿರಿ.

2015ರಿಂದ ಪ್ರತಿವರ್ಷ ಜೂನ್ 21ರಂದು ಜಗತ್ತೆಲ್ಲ ಯೋಗದಿನವನ್ನು ಆಚರಿಸುತ್ತಿರುವದು ಸಂತೋಷದ ಸಂಗತಿ. ಆದರೆ ಅಂದಿನ ಸಾವಿರ ಜನರಲ್ಲಿ ಮಗ್ಗುಲವನ ಹೆಸರು ನಮಗೆ ತಿಳಿಯದು. ವರ್ಷವಿಡೀ ಜೊತೆಗಿರುವ ನಾಲ್ವರಲ್ಲಿ ಒಬ್ಬನು ಒಂದು ದಿನ ಬಾರದಿದ್ದರೆ ಉಳಿದ ಮೂವರು ಅವನ ಮನೆಗೆ ಹೋಗಿ ವಿಚಾರಿಸುವರು. ಜನಸಂಗಕ್ಕೂ ಸತ್ಸಂಗಕ್ಕೂ ಇರುವ ಅಂತರವು ಇಷ್ಟೇ.

ಆಸನವು ಮುಗಿದ ಮೇಲೆ ಪ್ರತಿಯೊಬ್ಬನೂ ತನ್ನ ಲಿಂಗದೊಡನೆ ಒಬ್ಬನೇ ಕುಳಿತುಕೊಳ್ಳಬೇಕಾಗಿದೆ. ಅಲ್ಲಿಗೆ ಗೆಳೆಯನು ಬರಲಾರನು, ಬರಬೇಕಾಗಿಯೂ ಇಲ್ಲ. ಆದರೆ ಅಲ್ಲಿಯವರೆಗೆ ನೋವಿಲ್ಲದೆ ತಲುಪಿಸುವ ಕೈಗಳು ನಮ್ಮವಾಗಲಿ, ಸಾಕೆಂಬ ಮಾತನ್ನು ಕೇಳುವ ಕಿವಿಗಳು ನಮ್ಮವಾಗಲಿ ಎಂದು ಶ್ರೀಗುರುವಿನಲ್ಲಿ ಬೇಡಿಕೊಂಡು ನನ್ನ ಅಲ್ಪ ಮಾತುಗಳನ್ನು ಮುಗಿಸುವೆನು.